ಕಮ್ಮಟದಿಂದ ತಂದ ಹುರುಪು ಆರದಂತೆ

ತುಮಕೂರಿನಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ಅಲ್ಲಿ ನೀವು ಹೋಗುವ ಡಿಜಿಟಲ್ ಬರವಣಿಗೆಯ ಕಮ್ಮಟ ಬೆಳಿಗ್ಗೆಯೇ ಶುರುವಾಗುವುದಿದ್ದರೆ ರೈಲೇ ಮೇಲು. ಬಸ್ಸು ನೆಲಮಂಗಲ ದಾಟಿದ ಮೇಲೆ ಟ್ರಾಫಿಕ್ಕಿಗೆ ಸಿಕ್ಕಿಕೊಳ್ಳುತ್ತದೆ. ಯಶವಂತಪುರದಲ್ಲಿ ಇಳಿದರೆ ಮೆಟ್ರೋ ಸಿಗುತ್ತದೆ.

ನಿಮ್ಮದೇ ಒಂದು ಬರಹ, 300 ಪದ ಮೀರದಂತೆ, ಮೂರು ಪ್ರತಿ ತೆಗೆಸಿಡಿ. ಫೋನಿನಲ್ಲೂ ಇರಲಿ, ಆದರೆ ಯಾವ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲಿ. ಹಳೆಯ ‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿರುತ್ತಾರೆ. ಹಾಗಾಗಿ ಆ ಫಾಂಟ್ ಇಲ್ಲದ ಫೋನಿನಲ್ಲಿ ಬರಹವೆಲ್ಲ ಕಲಸುಮೇಲೋಗರ. ಮೊದಲೇ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಿ. ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲೇ.

ನೋಟ್‌ಬುಕ್ಕಿನ ಎಡಪುಟದಲ್ಲಿ ಕೇಳಿದ್ದು, ಬಲಪುಟದಲ್ಲಿ ಅದರಿಂದ ನಿಮಗೆ ಹೊಳೆದದ್ದು. ಎಲ್ಲವನ್ನೂ ಬರೆದುಕೊಳ್ಳಲು ಹೋದರೆ ಬಲಪುಟ ಖಾಲಿ ಉಳಿಯುತ್ತದೆ. ಮನೆಗೆ ಬಂದ ಮೇಲೆ ಬೇಕಾಗುವುದು ಅದೇ! ಊಟದ ಬಿಡುವಿನಲ್ಲಿ ಪರಿಚಯವಾದವರ ಹೆಸರಿನ ಜೊತೆ ಅವರೇನು ಬರೆಯುತ್ತಾರೆಂದೂ ಗುರುತು ಹಾಕಿಕೊಳ್ಳಿ.

ವಾಪಸ್ ಬರುವಾಗ ರೈಲಿನಲ್ಲೇ ಬಲಪುಟದಿಂದ ಒಂದನ್ನು, ಒಂದನ್ನೇ, ಆರಿಸಿ. ‘ಹಳ್ಳಿ ಬದುಕು’ ಎಂಬಷ್ಟು ದೊಡ್ಡದು ಬೇಡ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಒಂದು ಬೆಳಿಗ್ಗೆ ಸಾಕು. ಮರುದಿನ ರಾತ್ರಿಯೊಳಗೆ 200 ಪದ ಬರೆಯಿರಿ. ವಾರ ಬಿಟ್ಟರೆ ಟಿಪ್ಪಣಿಯ ಅರ್ಧ ನಿಮಗೇ ಅರ್ಥವಾಗುವುದಿಲ್ಲ.