ತೋಟದ ದಣಪೆ ದಾಟಿ ಒಳಬಂದದ್ದರ ಲೆಕ್ಕ ಇಡುವುದು ಹೇಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಪರ್ಮಾಕಲ್ಚರ್ (ಕಾಡಿನಂತೆ ತನ್ನಷ್ಟಕ್ಕೆ ನಡೆಯುವ ತೋಟ ಕಟ್ಟುವ ಪದ್ಧತಿ) ಅಥವಾ ಸಹಜ ಕೃಷಿಯ ತೋಟ ನೋಡಲು ಹೋದರೆ "ಹೊರಗಿಂದ ಏನೂ ತರುವುದಿಲ್ಲ" ಎಂಬ ಮಾತು ಮೊದಲು ಕಿವಿಗೆ ಬೀಳುತ್ತದೆ. ಆದರೆ ಅಟ್ಟದಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್), ಕೊಟ್ಟಿಗೆಯಲ್ಲಿ ಹಿಂಡಿ ಚೀಲ, ಅಂಗಳದಲ್ಲಿ ಟಾರ್ಪಾಲ್ ಇರುತ್ತವೆ. ಇರುವುದು ತಪ್ಪಲ್ಲ. ಮುಚ್ಚಿಟ್ಟರೆ ಮಾತ್ರ ಎರಡು ಕಡೆ ನಷ್ಟ: ಮುಚ್ಚಿಟ್ಟವರಿಗೆ ಅದನ್ನು ತಿದ್ದುವ ದಾರಿ ಕಾಣುವುದಿಲ್ಲ, ಆ ಮಾತು ನಂಬಿ ಶುರುಮಾಡಿದ ಹೊಸಬರು ಮೊದಲ ಮಳೆಗಾಲದ ಅಡಿಕೆ ಕೊಳೆರೋಗಕ್ಕೇ ಸೋತು ಎಲ್ಲ ಬಿಟ್ಟುಬಿಡುತ್ತಾರೆ. ಪರ್ಮಾಕಲ್ಚರ್ ಕಟ್ಟಿದವರಲ್ಲಿ ಒಬ್ಬರಾದ ಡೇವಿಡ್ ಹೋಮ್‌ಗ್ರೆನ್ ಕೊಟ್ಟ 12 ಸೂತ್ರಗಳಲ್ಲಿ ನಾಲ್ಕನೆಯದು ಹೇಳುವುದೂ ಇದನ್ನೇ: ನಮಗೆ ನಾವೇ ಮಿತಿ ಹಾಕಿಕೊಳ್ಳಬೇಕು, ನೆಲ ತಿರುಗಿ ಹೇಳಿದ್ದನ್ನು ಕೇಳಿಸಿಕೊಳ್ಳಬೇಕು. ಅದಕ್ಕೆ ಬೇಕಾದದ್ದು ಒಂದು ಲೆಕ್ಕದ ಪುಸ್ತಕ.

200 ಪುಟದ ಗೆರೆ ನೋಟ್‌ಬುಕ್, 50 ಕಿಲೋವರೆಗೆ ತೂಗುವ ಕೊಕ್ಕೆ ತಕ್ಕಡಿ, ಪೆನ್ಸಿಲ್ ತೆಗೆದಿಡಿ. ಆಷಾಢದ ಥಂಡಿಗೆ ಶಾಯಿ ಹಬ್ಬಿಕೊಳ್ಳುತ್ತದೆ, ಪೆನ್ಸಿಲ್ ಬರಹ ಹಾಗಾಗುವುದಿಲ್ಲ. ಪುಸ್ತಕವನ್ನು ಕೊಟ್ಟಿಗೆಯಲ್ಲಿ ಇಟ್ಟರೆ ಬೂಸ್ಟು ಹಿಡಿಯುತ್ತದೆ, ಅಡುಗೆಮನೆಯ ಗೂಡಿನಲ್ಲಿಡಿ. ಯುಗಾದಿಗೆ ಶುರುಮಾಡಿ ಮುಂದಿನ ಯುಗಾದಿಗೆ ಮುಗಿಸುವುದು ಒಳ್ಳೆಯದು. ಆಗ ಕೊಯ್ಲು ಮುಗಿದಿರುತ್ತದೆ, ಔಷಧಿ ಹೊಡೆಯುವ ಕೆಲಸ ಇನ್ನೂ ಶುರುವಾಗಿರುವುದಿಲ್ಲ.

ಆರು ಮನೆ ಗೀಚಿ: ತಾರೀಖು, ಏನು ಬಂತು, ತೂಕ, ಎಲ್ಲಿಂದ, ಯಾಕೆ, ಕೊನೆಗೆ ಎಲ್ಲಿಗೆ ಹೋಯಿತು. ರೂಪಾಯಿ ಬರೆಯುವುದಾದರೆ ಬೇರೆ ಪುಟದಲ್ಲಿ ಬರೆಯಿರಿ. ಹಿಂಡಿಯ ದರ ಇಳಿದ ವರ್ಷ ಹಿಂಡಿ ಕಡಿಮೆ ತಂದಂತೆ ಕಾಣುವುದು ರೂಪಾಯಿಯ ಲೆಕ್ಕದಿಂದಲೇ, ಕಿಲೋ ಲೆಕ್ಕದಲ್ಲಿ ಆ ಮೋಸವಿಲ್ಲ. ಕಡೆಯ ಮನೆಯನ್ನು ಖಾಲಿ ಬಿಡಬೇಡಿ, ನಿಜ ಹೊರಬೀಳುವುದು ಅಲ್ಲೇ.

ಮೊದಲ ವರ್ಷ ಏನನ್ನೂ ಬದಲಿಸಬೇಡಿ, ಬರೆಯುತ್ತ ಹೋಗಿ. ಲೆಕ್ಕ ಶುರುವಾದ ಕೂಡಲೇ ಎಲ್ಲ ನಿಲ್ಲಿಸಲು ಹೊರಟವರ ಪುಸ್ತಕ ಸಾಮಾನ್ಯವಾಗಿ ಜೂನ್ ತಿಂಗಳಿಗೇ ನಿಂತುಬಿಡುತ್ತದೆ.

ಬರೆಯಲು ಮರೆಯುವ ಬಾಬತ್ತುಗಳಲ್ಲಿ ದೊಡ್ಡದು ಬೆಟ್ಟದ ಸೊಪ್ಪು. ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ಕಡಿಯಲು ಬಿಟ್ಟ ಕಾಡು) ನಮ್ಮದೇ ಎಂಬ ಭಾವನೆ ಇರುವುದರಿಂದ ಅದು ಹೊರಗಿನದು ಅನ್ನಿಸುವುದೇ ಇಲ್ಲ. ಆದರೆ ತೋಟದ ಮಣ್ಣಿನ ಕೊಬ್ಬು ಎಂದರೆ ಬೆಟ್ಟದಿಂದ ಇಳಿದುಬಂದ ಸಾರ. ಪ್ರತಿ ಹೊರೆಯನ್ನೂ ತೂಗಬೇಕಾಗಿಲ್ಲ. ನಾಲ್ಕೈದು ಹೊರೆ ತೂಗಿ ಸರಾಸರಿ ತೆಗೆದು, ಆಮೇಲೆ ಹೊರೆಗಳನ್ನು ಎಣಿಸಿದರೆ ಸಾಕು. ಹಸಿ ಸೊಪ್ಪು, ಒಣ ದರಕು (ಉದುರಿದ ಎಲೆ) ಬೇರೆಬೇರೆ ಬರೆಯಿರಿ, ಏಕೆಂದರೆ ಹಸಿ ಸೊಪ್ಪಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಬೆಟ್ಟ ಸೋಲುತ್ತಿದೆಯೋ ಇಲ್ಲವೋ ತಿಳಿಯಲು ಮರಗಳ ಬುಡ ನೋಡಿ. ಜಂಬಿಟ್ಟಿಗೆ ಹರಳು ಮೇಲೆದ್ದು, ಮೊಣಕಾಲೆತ್ತರದ ಸಸಿಗಳೇ ಇಲ್ಲದೆ, ಯುಪಟೋರಿಯಂ ಕಳೆ ಮಾತ್ರ ಹಬ್ಬಿದ್ದರೆ ತೆಗೆದದ್ದು ಹೆಚ್ಚಾಯಿತು ಎಂದೇ ಅರ್ಥ. ಬೆಟ್ಟವನ್ನು ಮೂರು ಪಾಲು ಮಾಡಿ, ವರ್ಷಕ್ಕೆ ಒಂದು ಪಾಲನ್ನು ಕತ್ತಿ, ಪೊರಕೆ ಎರಡರಿಂದಲೂ ದೂರ ಇಡಿ. ಕಡಿಮೆ ಬಿದ್ದ ಸೊಪ್ಪಿನ ಜಾಗಕ್ಕೆ ಅಡಿಕೆಯ ಸೋಗೆ, ಹಾಳೆ, ಸಿಪ್ಪೆಗಳನ್ನು ತೋಟಕ್ಕೇ ಹಾಕಿ. ಸಿಪ್ಪೆ ಕರಗುವುದು ಬಹಳ ನಿಧಾನ. ಸಗಣಿ ಬಗ್ಗಡದಲ್ಲಿ ನೆನೆಸಿ, ಮಳೆ ಬೀಳದ ಮಾಡಿನ ಕೆಳಗೆ ಪದರ ಪದರವಾಗಿ ಒಟ್ಟಬೇಕು. ಬಯಲಲ್ಲಿ ಒಟ್ಟಿದರೆ ಮಲೆನಾಡಿನ ಮಳೆ ಸಾರವನ್ನೆಲ್ಲ ತೊಳೆದು ಹಳ್ಳಕ್ಕೆ ಒಯ್ಯುತ್ತದೆ, ಉಳಿಯುವುದು ನಾರು ಮಾತ್ರ.

ಎರಡನೆಯದು ಜೀವಾಮೃತದ, ಅಂದರೆ ಮಣ್ಣಿಗೆ ಹಾಕಲು ಹುದುಗಿಸುವ ಸಗಣಿ-ಗಂಜಲದ ದ್ರಾವಣದ, ಬೆಲ್ಲ. 200 ಲೀಟರ್ ನೀರಿಗೆ 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಮುಷ್ಟಿ ಮಣ್ಣು. ತಿಂಗಳಿಗೊಮ್ಮೆ ಮಾಡಿದರೆ ಎಕರೆಗೆ ವರ್ಷಕ್ಕೆ 24 ಕಿಲೋ ಬೆಲ್ಲ, ಅಷ್ಟೇ ಹಿಟ್ಟು ಬೇರೆ ಯಾರದೋ ಹೊಲದಿಂದ ಬಂದಂತಾಯಿತು. ಗೇರುಹಣ್ಣು, ಹಲಸಿನಹಣ್ಣು ಬೀಳುವ ಕಾಲದಲ್ಲಿ ಕೊಳೆತ ಹಣ್ಣಿನ ತೊಳೆ ಹಿಸುಕಿ ಬೆಲ್ಲದ ಬದಲು ಹಾಕಬಹುದು. ಉಳಿದ ತಿಂಗಳ ಬೆಲ್ಲವನ್ನು ಬರೆಯಿರಿ. ಮುಂಡಗೋಡ, ಹಾನಗಲ್ ಕಡೆಯಿಂದ ಬರುವ ಬೈಹುಲ್ಲನ್ನೂ ಬಿಡಬೇಡಿ.

ಹೆಚ್ಚಿನವರು ಹೇಳಲು ಹಿಂಜರಿಯುವುದು ಬೋರ್ಡೋ ಬಗ್ಗೆ, ಅಂದರೆ ಕೊಳೆರೋಗ ತಡೆಯಲು ಅಡಿಕೆಗೆ ಹೊಡೆಯುವ ಮೈಲುತುತ್ತ-ಸುಣ್ಣದ ದ್ರಾವಣದ ಬಗ್ಗೆ. ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು. ಶೇಕಡಾ ಒಂದರ ದ್ರಾವಣ ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. 50 ಲೀಟರ್ ನೀರಲ್ಲಿ ಮೈಲುತುತ್ತ, ಇನ್ನೊಂದು 50 ಲೀಟರಲ್ಲಿ ಸುಣ್ಣ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಬೇಡ. ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ನೋಡಿ, ಕೆಂಪು ಲೇಪ ಹತ್ತಿದರೆ ತಾಮ್ರ ಬಿಡಿಯಾಗಿ ಉಳಿದಿದೆ, ಸುಣ್ಣದ ತಿಳಿ ಇನ್ನಷ್ಟು ಹಾಕಬೇಕು. ಹಾಗೆಯೇ ಹೊಡೆದರೆ ಎಳೆಕಾಯಿ ಸುಡುತ್ತದೆ.

ಈಗ ಲೆಕ್ಕ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರ ಇರುತ್ತದೆ. ಒಂದು ಎಕರೆಗೆ ಮಳೆಗಾಲದಲ್ಲಿ ಒಟ್ಟು 200 ಲೀಟರಿನ ನಾಲ್ಕು ಡ್ರಮ್ ಹೊಡೆದಿರಿ ಎಂದುಕೊಳ್ಳಿ: 8 ಕಿಲೋ ಮೈಲುತುತ್ತ, 2 ಕಿಲೋ ತಾಮ್ರ, ಅಂದರೆ ಹೆಕ್ಟೇರಿಗೆ 5 ಕಿಲೋ. ಯುರೋಪಿನ ಒಕ್ಕೂಟ ಹಾಕಿರುವ ಮಿತಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ, ವರ್ಷಕ್ಕೆ ಸರಾಸರಿ 4. ತಾಮ್ರ ಕೊಳೆಯುವ ವಸ್ತುವಲ್ಲ, ಮೇಲ್ಮಣ್ಣಿನಲ್ಲಿ ಕೂತು ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುತ್ತದೆ, ಎರೆಹುಳುಗಳಿಗೆ ಕೆಡುಕು. ತಾತ ಮುತ್ತಾತನ ಕಾಲದಿಂದ ಹೊಡೆದ ತೋಟವಾದರೆ ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರವನ್ನೂ ನೋಡಲು ಹೇಳಿ.

ಹಾಗೆಂದು ಒಮ್ಮೆಗೇ ನಿಲ್ಲಿಸಬೇಡಿ. ಕೊಳೆ ಒಂದು ತೋಟದಲ್ಲಿ ನಿಲ್ಲುವ ರೋಗವಲ್ಲ, ನಿಮ್ಮ ಪ್ರಯೋಗದ ಬೆಲೆಯನ್ನು ಪಕ್ಕದ ತೋಟದವರು ತೆರಬೇಕಾಗುತ್ತದೆ. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ, ಇಷ್ಟನ್ನು ಇಟ್ಟುಕೊಂಡು ಪೋಲು ತಗ್ಗಿಸಿ. ದ್ರಾವಣ ಅಡಿಕೆಯ ಕೊನೆಗೆ (ಗೊನೆಗೆ) ತಾಗಬೇಕೇ ಹೊರತು ನೆಲಕ್ಕೆ ಸುರಿಯಬಾರದು, ಮರ ಹತ್ತಿ ಹೊಡೆಯುವ ಕೊನೆಗೌಡನಿಗೆ ಅವಸರ ಮಾಡದಿದ್ದರೆ ಇದರಲ್ಲೇ ಸಾಕಷ್ಟು ಉಳಿಯುತ್ತದೆ. ಬಸಿಗಾಲುವೆ ಮೇ ತಿಂಗಳಲ್ಲೇ ತೋಡಿ, ಉದುರಿದ ಕೊಳೆ ಅಡಿಕೆಯನ್ನು ಆಗಾಗ ಹೆಕ್ಕಿ ಹೊರಹಾಕಿ. ಸಣ್ಣ ತೋಟದಲ್ಲಿ ಮಳೆಗೆ ಮೊದಲು ಅಡಿಕೆ ಕೊನೆಗೆ ಕೊಟ್ಟೆ (ಮಳೆ ತಾಗದಂತೆ ಹೊದಿಸುವ ಚೀಲ) ಕಟ್ಟಬಹುದು, ಕೆಳಗಡೆ ಗಾಳಿಯಾಡಲು ಬಾಯಿ ಬಿಟ್ಟಿರಬೇಕು. ಪ್ಲಾಸ್ಟಿಕ್ ಕೊಟ್ಟೆಯಾದರೆ ಅದೂ ಪುಸ್ತಕಕ್ಕೆ ಬರಲಿ: ಎಷ್ಟು ಕಟ್ಟಿದಿರಿ, ಎಷ್ಟು ಬಿಚ್ಚಿ ತಂದಿರಿ.

ಪ್ಲಾಸ್ಟಿಕ್ ಕೊನೆಗೆ ಹೋಗುವುದು ಎಲ್ಲಿಗೆ? ಬಹಳ ಮನೆಗಳಲ್ಲಿ ಬಚ್ಚಲ ಒಲೆಗೆ. ಹಾಲಿನ ಕೊಟ್ಟೆ, ಹಿಂಡಿ ಚೀಲದ ಒಳಪದರ, ಹರಿದ ಟಾರ್ಪಾಲಿನ ಚೂರು ನೀರು ಕಾಯಿಸುವ ಹೊತ್ತಿಗೆ ಸುಟ್ಟುಹೋಗುತ್ತವೆ, ಮಾರನೆ ಬೆಳಿಗ್ಗೆ ಅದೇ ಬೂದಿ ಬಸಳೆ, ಹರಿವೆಯ ಬುಡಕ್ಕೆ ಬೀಳುತ್ತದೆ. ಇದನ್ನು ಮಾತ್ರ ಇಂದೇ ನಿಲ್ಲಿಸಬೇಕು, ಒಂದು ವರ್ಷ ಕಾಯುವ ಮಾತಿಲ್ಲ. ಒಲೆಯ ಪಕ್ಕದಲ್ಲೇ ಗೋಣಿಚೀಲ ತೂಗುಹಾಕಿ, ಪ್ಲಾಸ್ಟಿಕ್ ತೊಳೆದು ಒಣಗಿಸಿ ಅದರಲ್ಲಿ ತುಂಬಿ, ಪಂಚಾಯಿತಿಯ ಒಣಕಸಕ್ಕೆ ಕೊಡುವಾಗ ತೂಗಿ ಬರೆಯಿರಿ.

ಗೋಬರ್ ಗ್ಯಾಸ್ ಇದ್ದೂ ಸಿಲಿಂಡರ್ ತರುವುದನ್ನು ಬಚ್ಚಿಡುವ ಕಾರಣವೇ ಇಲ್ಲ. 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ 50 ಕಿಲೋ ಸಗಣಿ ಬೇಕು. ಮೇಯಲು ಹೋಗುವ ಮಲೆನಾಡು ಗಿಡ್ಡ ತಳಿಯ ಸಣ್ಣ ದನ ಎರಡು ಮೂರು ಇದ್ದರೆ ಅಷ್ಟು ಸಿಗುವುದಿಲ್ಲ.

ಕಾರವಾರ, ಅಂಕೋಲಾದ ಕರಾವಳಿಯಲ್ಲಿ ಇಂಥದೇ ಮಾತು "ಮಳೆನೀರೇ ವರ್ಷಪೂರ್ತಿ ಸಾಕು" ಎಂಬುದು. 100 ಚದರ ಮೀಟರ್ ಮಾಡಿನಿಂದ 1 ಮಿಲಿಮೀಟರ್ ಮಳೆಗೆ ಸುಮಾರು 80 ಲೀಟರ್ ಸಿಗುತ್ತದೆ. 10,000 ಲೀಟರಿನ ಟ್ಯಾಂಕಿ ತುಂಬಲು 125 ಮಿಲಿಮೀಟರ್ ಸಾಕು, ಜೂನಿನ ಒಂದೆರಡು ಜಡಿಮಳೆ ದಿನಗಳಲ್ಲಿ ತುಂಬಿಯೇ ಹೋಗುತ್ತದೆ. ದಿನಕ್ಕೆ 200 ಲೀಟರ್ ತೆಗೆದರೆ ಅದು 50 ದಿನಕ್ಕೆ ಖಾಲಿ. ಡಿಸೆಂಬರಿಂದ ಮೇ ಕೊನೆಯವರೆಗಿನ 180 ದಿನಕ್ಕೆ 36,000 ಲೀಟರ್ ಬೇಕು. ಟ್ಯಾಂಕಿ ಚಿಕ್ಕದಾದರೆ ಉಕ್ಕಿದ ನೀರನ್ನು ಜಲ್ಲಿ, ಇದ್ದಿಲು, ಮರಳಿನ ಗುಂಡಿಯ ಮೂಲಕ ಬಾವಿಗೆ ಬಿಡಿ. ಕಡಲ ಹತ್ತಿರದ ಬಾವಿಗೆ ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪು ಏರುವುದು ಒಳಗಿನ ಸಿಹಿನೀರು ತಗ್ಗಿದಾಗ. ಕೊಂಡ ಟ್ಯಾಂಕರ್ ನೀರು ಪುಸ್ತಕದಲ್ಲಿ ಇರಲಿ.

ವರ್ಷ ತುಂಬಿದ ಮೇಲೆ ಪ್ರತಿ ಬಾಬತ್ತಿನ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ಬಿಡಬಹುದು, ಕಡಿಮೆ ಮಾಡಬಹುದು, ಸದ್ಯಕ್ಕೆ ಇರಲಿ. ಮೂರನೆಯದಕ್ಕೆ ಕಾರಣ ಬರೆಯಲೇಬೇಕು. ಬದಲಾವಣೆಗೆ ವರ್ಷಕ್ಕೆ ಒಂದೇ ಬಾಬತ್ತು ಆರಿಸಿ, ಕಾಲು ಭಾಗ ಇಳಿಸಿ. ಎರಡು ಮೂರು ಒಟ್ಟಿಗೆ ಬದಲಿಸಿದರೆ ಫಸಲು ಇಳಿದಾಗ ಯಾವುದರಿಂದ ಇಳಿಯಿತು ಎಂದು ತಿಳಿಯದು.

ತೋಟ ನೋಡಲು ಬಂದವರಿಗೆ ಈ ಪುಟಗಳನ್ನೇ ತೋರಿಸಿ. ಅಡಿಕೆ, ಕಾಳುಮೆಣಸು ಮಾರುವಾಗಲೂ ಚೀಟಿಯಲ್ಲಿ "ರಾಸಾಯನಿಕ ಗೊಬ್ಬರ ಹಾಕಿಲ್ಲ, ಬೋರ್ಡೋ ಎರಡು ಸಲ ಹೊಡೆದಿದೆ" ಎಂದು ನೇರವಾಗಿ ಬರೆಯಿರಿ. ಸಾವಯವ ಪ್ರಮಾಣಪತ್ರದ ನಿಯಮಗಳಲ್ಲೂ ತಾಮ್ರಕ್ಕೆ ಮಿತಿಯೊಳಗೆ ಜಾಗ ಇದೆ, ಹಾಗಾಗಿ ಹೇಳುವುದರಿಂದ ಕಳೆದುಕೊಳ್ಳುವುದಿಲ್ಲ. ಮಳೆ ಎಡೆಬಿಡದೆ ಹೊಡೆದು ಮೂರನೇ ಸಲ ಹೊಡೆಯಬೇಕಾಗಿ ಬಂದ ವರ್ಷ ಅಂಕಿ ಏರುತ್ತದೆ. ಆ ಪುಟ ಹರಿಯದೆ, ಮಳೆ ಎಷ್ಟು ದಿನ ಹಿಡಿಯಿತು ಎಂಬುದನ್ನು ಅದರ ಪಕ್ಕದಲ್ಲೇ ಬರೆದಿಡಿ.