ಮಾಲೆ ತೆಗೆದ ಮರುದಿನ

ಕಾರ್ತಿಕ ಮಾಸ ಬಂತೆಂದರೆ ನಮ್ಮ ತಾಲ್ಲೂಕು ಆಸ್ಪತ್ರೆಯ ಚೀಟಿ ಸಾಲಿನಲ್ಲಿ ಕಪ್ಪು ಪಂಚೆಗಳು ಕಾಣಿಸಿಕೊಳ್ಳುತ್ತವೆ. ನಾನು ಇಲ್ಲಿ ಆಪ್ತಸಮಾಲೋಚಕ. ಕುಡಿತ ಬಿಡಬೇಕೆಂದು ಬರುವವರ ಜೊತೆಗೇ ನನ್ನ ಹೆಚ್ಚಿನ ಕೆಲಸ. ಹೆಂಡತಿ ಮಕ್ಕಳು ವರ್ಷವಿಡೀ ಅತ್ತು ಕರೆದರೂ ಬಿಡದ ಮನುಷ್ಯ, ಅಯ್ಯಪ್ಪನ ಮಾಲೆ ಕೊರಳಿಗೆ ಬಿದ್ದ ದಿನವೇ ನಿಲ್ಲಿಸಿಬಿಡುತ್ತಾನೆ. ನನ್ನ ಯಾವ ಮಾತಿಗೂ ಅಷ್ಟು ಬಲವಿಲ್ಲ. ಆ ಬಲವನ್ನು ಚಿಕಿತ್ಸೆಯ ಜೊತೆ ಹೇಗೆ ಸೇರಿಸಿಕೊಂಡೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಪಾಯದ ಮಾತು. ಬಹಳ ವರ್ಷದಿಂದ ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಕ, ಬೆವರು, ನಿದ್ದೆಗೇಡು ಶುರು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ವಾರ್ಡಿನಲ್ಲಿ ಇದಕ್ಕೆ ಡಿ.ಟಿ. (ಡೆಲಿರಿಯಂ ಟ್ರೆಮೆನ್ಸ್) ಅನ್ನುತ್ತೇವೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು.

ಗಾರೆ ಕೆಲಸದವರೊಬ್ಬರನ್ನು ಹೀಗೇ ಒಂದು ರಾತ್ರಿ ಕರೆತಂದಿದ್ದರು. ಮಾಲೆ ಹಾಕಿ ಮೂರನೇ ದಿನ. ಹಾಸಿಗೆಯ ಮೇಲಿಂದ ಏನನ್ನೋ ಹೆಕ್ಕುತ್ತಿದ್ದರು, ಗೋಡೆಯ ಮೇಲಿನ ಇರುವೆ ಸಾಲನ್ನು ಅಂಗೈಯಿಂದ ಒರೆಸುತ್ತಿದ್ದರು. ಗೋಡೆಯ ಮೇಲೆ ಇರುವೆ ಇರಲಿಲ್ಲ. ಜೊತೆಗಿದ್ದವರು ಸ್ವಾಮಿ ಮೈಮೇಲೆ ಬಂದಿದ್ದಾರೆಂದು ಸಂಜೆಯೆಲ್ಲಾ ಕರ್ಪೂರ ಹಚ್ಚಿ ಶರಣು ಕೂಗಿದ್ದರು. ಅವರ ತಂಗಿ ಹಟ ಹಿಡಿದು ಆಟೋ ತರಿಸಿದ್ದರಿಂದ ಅವರು ಬದುಕಿದರು. ಡಾಕ್ಟರು ಥಯಾಮಿನ್ (ಬಿ1 ವಿಟಮಿನ್) ಇಂಜೆಕ್ಷನ್ ಕೊಟ್ಟು, ನಡುಕ, ಫಿಟ್ಸ್ ತಡೆಯುವ ಲೊರಾಜೆಪಾಮ್ ಔಷಧಿ ಶುರು ಮಾಡಿದರು. ಕೊರಳ ಮಾಲೆ ತೆಗೆಸಬೇಡಿ ಎಂದು ನಾನು ಕೇಳಿಕೊಂಡೆ. ನಮ್ಮ ಸಿಸ್ಟರ್ ಕೂಡ ಡಿಸ್ಚಾರ್ಜ್ ಆಗುವವರೆಗೂ ಅವರನ್ನು ಸ್ವಾಮಿ ಎಂದೇ ಕರೆದರು.

ಆಮೇಲೆ ನಾನು ಊರಿನ ಗುರುಸ್ವಾಮಿಯವರನ್ನು ನೋಡಲು ಹೋದೆ. ನಿವೃತ್ತ ಬಸ್ ಚಾಲಕರು, ಮಾತು ಕಡಿಮೆ. "ಔಷಧಿ ತಗೊಂಡು ಬಿಟ್ರೆ ಅದು ವ್ರತ ಹೇಗಾಗುತ್ತೆ ಸಾರ್?" ಅಂದರು. "ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿಕೊಂಡೇ ಬೆಟ್ಟ ಹತ್ತೋದಿಲ್ವಾ ಸ್ವಾಮಿ? ನಡುಕಾನೂ ಕಾಯಿಲೆನೇ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು. ಅಂದಿನಿಂದ ಮಾಲೆ ಕೇಳಿ ಬರುವವರನ್ನು ಅವರೇ ಪಕ್ಕಕ್ಕೆ ಕರೆದು ವಿಚಾರಿಸುತ್ತಾರೆ: ಬೆಳಗ್ಗೆ ಎದ್ದ ಕೂಡಲೇ ಕೈ ನಡುಗುತ್ತಾ, ನಡುಕ ನಿಲ್ಲಿಸೋಕೆ ಕುಡೀಬೇಕಾಗುತ್ತಾ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ? ಹೌದೆಂದರೆ ಮೊದಲು ನಮ್ಮಲ್ಲಿಗೆ, ಮೈ ಸುಧಾರಿಸಿದ ಮೇಲೆ ಮಾಲೆ.

ವ್ರತದವರಿಗೆ ಔಷಧಿ ಕೊಡುವಾಗ ಸಣ್ಣ ಸಣ್ಣ ಸಂಗತಿಗಳೂ ಲೆಕ್ಕಕ್ಕೆ ಬರುತ್ತವೆ. ಕ್ಯಾಪ್ಸೂಲಿನ ಕವಚ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಾಟಿನ್. ಅದು ಗೊತ್ತಾದವರು ಬಾಯಿಗಿಡುವುದಿಲ್ಲ, ಹಾಗಾಗಿ ಮಾತ್ರೆ ರೂಪದಲ್ಲೇ ಬರೆಸುತ್ತೇನೆ. ಕುಡಿತದಿಂದ ಪಾದದ ನರ ಸೋತವರಿಗೆ ಬರಿಗಾಲಿನಲ್ಲಿ ಮುಳ್ಳು ಚುಚ್ಚಿದ್ದೂ ತಿಳಿಯದು. ದಿನಾ ರಾತ್ರಿ ಅಂಗಾಲು ನೋಡುವ ಕೆಲಸವನ್ನು ಮನೆಯವರಿಗೆ ವಹಿಸುತ್ತೇನೆ.

ಇನ್ನು, ವ್ರತ ಮನಸ್ಸಿಗೆ ಏನು ಮಾಡುತ್ತದೆ? ಅಯ್ಯಪ್ಪ ಬಿಡಿಸಿದನೋ ಇವರೇ ಬಿಟ್ಟರೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಸಂಜೆ ಆರರಿಂದ ಎಂಟು ಎಲ್ಲಿದ್ದಿರಿ ಎಂದು ಕೇಳುತ್ತೇನೆ. ಬಾರಿಗೆ ಹೋಗುತ್ತಿದ್ದ ಅದೇ ಹೊತ್ತಿನಲ್ಲಿ ಈಗ ಭಜನೆ. ಬೆಳಗಿನ ಜಾವ ತಣ್ಣೀರು ಸ್ನಾನ, ಹಳೆಯ ಗೆಳೆಯರ ಬದಲು ಹೊಸ ಗುಂಪು, ಕೂಲಿ ದುಡ್ಡು ನೇರ ಮನೆಗೆ. ಎಲ್ಲಕ್ಕಿಂತ ದೊಡ್ಡದು ಮರ್ಯಾದೆ. ಕುಡುಕ ಎಂದು ಬೈಯಿಸಿಕೊಂಡು ಬದುಕಿದವನಿಗೆ ಹೆತ್ತ ತಾಯಿಯೇ ಸ್ವಾಮಿ ಊಟಕ್ಕೆ ಬನ್ನಿ ಅನ್ನುತ್ತಾಳೆ. ಅವನು ಸೊಂಟ ನೆಟ್ಟಗೆ ಮಾಡಿಕೊಂಡು ಕೂರುವ ರೀತಿಯೇ ಬೇರೆಯಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ 41 ದಿನದ ವ್ರತ ಮುಗಿದು, ಬೆಟ್ಟದಿಂದ ಬಂದು ಮಾಲೆ ತೆಗೆದರೆ ಇದೆಲ್ಲ ಒಂದೇ ದಿನದಲ್ಲಿ ನಿಂತುಹೋಗುತ್ತದೆ. ಭಜನೆ ಇಲ್ಲ, ಗುಂಪಿಲ್ಲ, ಸ್ವಾಮಿ ಎಂದು ಕರೆಯುವವರಿಲ್ಲ. ಬಹಳ ಜನ ಮತ್ತೆ ಕುಡಿಯುವುದು ಈ ವಾರದಲ್ಲೇ. ಅದಕ್ಕೇ ಮಾಲೆ ಹಾಕುವ ಮೊದಲೇ ಮಾಲೆ ತೆಗೆಯುವ ವಾರದ ತಾರೀಖನ್ನು ನನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ, ಅವರು ಬರದಿದ್ದರೆ ನಾನೇ ಫೋನ್ ಮಾಡುತ್ತೇನೆ. ಗುರುಸ್ವಾಮಿಯವರು ಶನಿವಾರದ ಭಜನೆಯನ್ನು ವರ್ಷವಿಡೀ ನಡೆಸಲು ಮುಂದಾದರು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಮದ್ಯವರ್ಜನ ಶಿಬಿರ ಮುಗಿದ ಮೇಲೂ ಕುಡಿತ ಬಿಟ್ಟವರ ನವಜೀವನ ಸಮಿತಿಗಳನ್ನು ನಡೆಸುವುದು ಇದೇ ಕಾರಣಕ್ಕೆ. ಶಿಬಿರಕ್ಕಿಂತ ಸಮಿತಿಯೇ ಮುಖ್ಯ ಎಂಬುದು ನನ್ನ ಅಭಿಪ್ರಾಯ. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕುಡಿತ ಬಿಡುವವರ ಸಂಘ ಕೂಡ ಅವರವರು ತಿಳಿದಂತೆ ಅವರವರ ದೇವರು ಎಂದಷ್ಟೇ ಹೇಳಿ, ವಾರವಾರದ ಸಭೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ. ರಂಜಾನ್ ತಿಂಗಳಲ್ಲಿ ಬಿಟ್ಟವರಿಗೂ ಈಸ್ಟರ್ ಮುಂಚಿನ ತಪಸ್ಸು ಕಾಲದಲ್ಲಿ ಬಿಟ್ಟವರಿಗೂ ನನ್ನ ಪ್ರಶ್ನೆ ಒಂದೇ: ಹಬ್ಬದ ಮಾರನೇ ಸಂಜೆ ಎಲ್ಲಿರುತ್ತೀರಿ? ದೇವರನ್ನು ನಂಬದವರನ್ನು ನಾನು ಪೂಜೆಗೆ ಎಳೆಯುವುದಿಲ್ಲ. ಅಂಥ ಒಬ್ಬ ರೈತರಿಗೆ ಸಂಜೆ ಡೇರಿಗೆ ಹಾಲು ಹಾಕುವ ಹೊತ್ತೇ ಆಸರೆಯಾಯಿತು.

ವ್ರತದ ನಡುವೆ ಕುಡಿದುಬಿಟ್ಟವರ ಸಂಕಟ ಇದೆಲ್ಲಕ್ಕಿಂತ ಕಠಿಣ. ಸ್ವಾಮಿಗೇ ದ್ರೋಹ ಬಗೆದೆ, ನಾನು ಬದುಕಿ ಏನು ಪ್ರಯೋಜನ ಅನ್ನುತ್ತಾರೆ. ಇಂಥ ಮಾತು ಬಂದರೆ ಒಬ್ಬರನ್ನೇ ಬಿಡುವಂತಿಲ್ಲ, ಮನೋವೈದ್ಯರಿಗೆ ತೋರಿಸಲೇಬೇಕು. ಜೊತೆಗೆ ನಾನು ಗುರುಸ್ವಾಮಿಯವರನ್ನೂ ಕರೆಸುತ್ತೇನೆ. ಒಬ್ಬ ಯುವಕನ ಹೆಗಲ ಮೇಲೆ ಕೈಯಿಟ್ಟು ಅವರು, "ಮಗಾ, ಬೆಟ್ಟ ಎಲ್ಲೂ ಓಡಿ ಹೋಗಲ್ಲ. ಮೊದಲು ಮೈ ಸರಿ ಮಾಡ್ಕೋ, ಬರೋ ವರ್ಷ ನಾನೇ ಮಾಲೆ ಹಾಕ್ತೀನಿ" ಅಂದರು. ಕ್ಷಮೆಯ ಆ ಮಾತು ನನ್ನ ಬಾಯಿಂದ ಬಂದಿದ್ದರೆ ಆ ಹುಡುಗ ನಂಬುತ್ತಿರಲಿಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ಈ ಸಲ ಮಾಲೆ ಹಾಕುತ್ತೇನೆ ಎಂದರೆ ದಯವಿಟ್ಟು ಹಂಗಿಸಬೇಡಿ. ಬೆಳಗ್ಗೆ ಕೈ ನಡುಗುತ್ತದೆಯೇ ನೋಡಿ. ನಡುಗಿದರೆ ಮಾಲೆಗೆ ಕೆಲವು ದಿನ ಮುಂಚೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ದಿನದ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ಫಿಟ್ಸ್ ಬಂದರೆ, ಇಲ್ಲದ್ದು ಕಾಣತೊಡಗಿದರೆ ಫೋನಿಗೂ ಕಾಯಬೇಡಿ, ನೇರ ಆಸ್ಪತ್ರೆಗೆ ಬನ್ನಿ.