ನೋಅಟಕ್ ನದಿಯಲ್ಲಿ ಎಂಟು ದಿನ, ಕೆರೆಯ ದಡದಲ್ಲಿ ಎರಡು ದಿನ

ಅಲಾಸ್ಕದ ಬ್ರೂಕ್ಸ್ ಪರ್ವತಶ್ರೇಣಿಗೆ ಮಾರ್ಗದರ್ಶಕರೊಡನೆ ಹೋಗಲು ಸಿದ್ಧರಾಗುತ್ತಿರುವ ಗೆಳೆಯರು ನನ್ನನ್ನು ಮೊದಲು ಕೇಳುವುದು ಕರಡಿಯ ವಿಷಯ. ಮೊದಲು ಕೇಳಬೇಕಾದದ್ದು ವಿಮಾನದ ವಿಷಯ ಎಂದು ನಾನು ಅವರಿಗೆ ಹೇಳುತ್ತೇನೆ. ಆ ಸೀಮೆಯಲ್ಲಿ ನಮ್ಮ ದಿನಚರಿಯನ್ನು ನಿರ್ಧರಿಸುವುದು ಕರಡಿಯಲ್ಲ, ಮೋಡ.

ನಾವು ಹೋದದ್ದು ಅಲ್ಲಿಯ ಗೇಟ್ಸ್ ಆಫ್ ದಿ ಆರ್ಕ್ಟಿಕ್ ರಾಷ್ಟ್ರೀಯ ಉದ್ಯಾನಕ್ಕೆ, ಆಗಸ್ಟ್ ತಿಂಗಳ ನಡುವಿನಲ್ಲಿ. 1980ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಪ್ರದೇಶ ಪೂರ್ತಿಯಾಗಿ ಆರ್ಕ್ಟಿಕ್ ವೃತ್ತದ ಉತ್ತರಕ್ಕಿದೆ. ಅದರ ವಿಸ್ತಾರ ಸುಮಾರು 34,000 ಚದರ ಕಿಲೋಮೀಟರ್, ಅಂದರೆ ನಮ್ಮ ಉತ್ತರ ಕನ್ನಡದಂತಹ ಮೂರು ಜಿಲ್ಲೆಗಳನ್ನು ಸೇರಿಸಿದರೂ ಅದರಷ್ಟಾಗುವುದಿಲ್ಲ. ಅಷ್ಟು ದೊಡ್ಡ ಪ್ರದೇಶದೊಳಗೆ ಉದ್ಯಾನದವರು ಹಾಕಿದ ಒಂದು ರಸ್ತೆಯಾಗಲಿ, ಕಾಲುದಾರಿಯಾಗಲಿ ಇಲ್ಲ. ಫೇರ್‌ಬ್ಯಾಂಕ್ಸ್ ನಗರದಿಂದ ಬೆಟಲ್ಸ್ ಎಂಬ ಪುಟ್ಟ ಊರಿಗೆ ಸಣ್ಣ ವಿಮಾನದಲ್ಲಿ ಹೋಗಿ, ಅಲ್ಲಿಂದ ನೀರಿನ ಮೇಲೆ ಇಳಿಯುವ ಫ್ಲೋಟ್ ಪ್ಲೇನ್ ಹಿಡಿದು, ನೋಅಟಕ್ ನದಿಯ ಮೇಲ್ಭಾಗದ ಕೆರೆಯೊಂದರಲ್ಲಿ ಇಳಿಯಬೇಕು.

ಬೆಟಲ್ಸ್‌ನಲ್ಲಿ ಸಾಮಾನನ್ನಷ್ಟೇ ಅಲ್ಲ, ನಮ್ಮನ್ನೂ ತೂಕಕ್ಕೆ ನಿಲ್ಲಿಸಿದರು. ನನ್ನ ಚೀಲ ಹೇಳಿದ ಮಿತಿಗಿಂತ ಆರು ಕಿಲೋ ಹೆಚ್ಚಿತ್ತು. ನಮ್ಮ ಮಾರ್ಗದರ್ಶಕಿ ಅದನ್ನು ಟಾರ್ಪಾಲಿನ ಮೇಲೆ ಸುರಿಸಿ, ಜೀನ್ಸ್ ಪ್ಯಾಂಟು, ಹತ್ತಿಯ ಅಂಗಿಗಳು, ಎರಡನೆಯ ಕ್ಯಾಮೆರಾ ಲೆನ್ಸು ಎಲ್ಲವನ್ನೂ ಅಲ್ಲಿಯೇ ಬಿಡಿಸಿದರು. ಹತ್ತಿ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನೂ ಹೀರಿಬಿಡುತ್ತದೆ. ಉಣ್ಣೆಯ ಒಳಅಂಗಿ ಎರಡು ಜೊತೆ, ಗಟ್ಟಿಯಾದ ಮಳೆಯಂಗಿ ಒಂದು, ಇವಿಷ್ಟೇ ಹತ್ತು ದಿನಕ್ಕೆ ಸಾಕಾದವು. ಕರಡಿಯ ಮೇಲೆ ಸಿಂಪಡಿಸುವ ಖಾರದ ಸ್ಪ್ರೇಯನ್ನೂ ಒಲೆಯ ಗ್ಯಾಸ್ ಡಬ್ಬಿಯನ್ನೂ ದೊಡ್ಡ ವಿಮಾನಗಳಲ್ಲಿ ಒಯ್ಯಲು ಬಿಡುವುದಿಲ್ಲವಾದ್ದರಿಂದ ಅವುಗಳನ್ನು ಅಲಾಸ್ಕ ತಲುಪಿದ ಮೇಲೆಯೇ ಕೊಳ್ಳಬೇಕು.

ಮಾರ್ಗದರ್ಶಕರಿದ್ದಾರೆ ಎಂದರೆ ಕೆಲಸ ಕಡಿಮೆ ಎಂದು ನಾನು ಭಾವಿಸಿದ್ದು ತಪ್ಪಾಗಿತ್ತು. ವಿಮಾನ ನಮ್ಮನ್ನು ಇಳಿಸಿ, ನೀರು ಚಿಮ್ಮಿಸುತ್ತ ಮೇಲೆದ್ದು, ಅದರ ಸದ್ದು ಬೆಟ್ಟದ ಆಚೆ ಅಡಗಿದ ಕೂಡಲೇ ಗಾಳಿ ತುಂಬುವ ದೋಣಿ, ಹುಟ್ಟು, ಆಹಾರದ ಡಬ್ಬಿ, ಗುಡಾರ ಎಲ್ಲವನ್ನೂ ಕೆರೆಯಿಂದ ನದಿಯ ತನಕ ನಾವೇ ಹೊರಬೇಕಾಯಿತು. ದೂರ ಅರ್ಧ ಕಿಲೋಮೀಟರಿನಷ್ಟು; ಮೂರು ಸಲ ಹೋಗಿಬಂದು ಮುಗಿಸುವಾಗ ಮಧ್ಯಾಹ್ನ ಕಳೆದಿತ್ತು. ಅದಕ್ಕೆ ಕಾರಣ ಅಲ್ಲಿಯ ನೆಲ. ಒಂದು ಬಗೆಯ ಹತ್ತಿಹುಲ್ಲು ವರ್ಷವರ್ಷವೂ ತನ್ನದೇ ಒಣಗರಿಗಳ ಮೇಲೆ ಬೆಳೆದು ಮಂಡಿಯೆತ್ತರದ ಗುಪ್ಪೆಯಾಗುತ್ತದೆ. ಕೆಳಗಿನ ಮಣ್ಣು ಸದಾ ಹೆಪ್ಪುಗಟ್ಟಿರುವುದರಿಂದ ಮಳೆನೀರು ಇಂಗದೆ ಆ ಗುಪ್ಪೆಗಳ ಸಂದಿಯಲ್ಲಿಯೇ ನಿಲ್ಲುತ್ತದೆ. ಮೇಲೆ ಕಾಲಿಟ್ಟರೆ ಗುಪ್ಪೆ ಪಕ್ಕಕ್ಕೆ ವಾಲುತ್ತದೆ, ನಡುವೆ ಕಾಲಿಟ್ಟರೆ ಬೂಟು ಕೆಸರಿನಲ್ಲಿ ಹೂತುಹೋಗುತ್ತದೆ. ಬೆನ್ನಿಗೆ ಹೊರೆಯಿದ್ದಾಗ ಒಂದು ಕಿಲೋಮೀಟರಿಗೆ ಒಂದು ಗಂಟೆ ಹಿಡಿಯಿತು. ಮನೆಯ ಸಮೀಪ ದಿನಕ್ಕೆ ಹತ್ತು ಕಿಲೋಮೀಟರ್ ನಡೆದು ಅಭ್ಯಾಸ ಮಾಡಿದ್ದೆ. ಅದಕ್ಕಿಂತ ಹೊರೆ ಹೊತ್ತು ಮೆಟ್ಟಿಲು ಹತ್ತಿ ಇಳಿದಿದ್ದರೆ ಹೆಚ್ಚು ಉಪಯೋಗವಾಗುತ್ತಿತ್ತು.

ಇದೇ ಹೆಪ್ಪುಗಟ್ಟಿದ ನೆಲದಿಂದಾಗಿ ಹಳ್ಳಗಳೂ ಅಪಾಯಕಾರಿ. ಬಿದ್ದ ಮಳೆ ಇಂಗಲು ಜಾಗವಿಲ್ಲದೆ ನೇರವಾಗಿ ಹಳ್ಳಕ್ಕೆ ಹರಿಯುವುದರಿಂದ, ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಸಂಜೆಗೆ ತೊಡೆಯ ಮಟ್ಟಕ್ಕೆ ಏರಬಹುದು. ಮೂರನೆಯ ದಿನ ದೋಣಿಯನ್ನು ದಡದಲ್ಲಿ ಕಟ್ಟಿ ಪಕ್ಕದ ಕಣಿವೆಯೊಂದಕ್ಕೆ ನಡೆದುಹೋಗಿದ್ದ ನಾವು, ಮರಳಿ ಬರುವಾಗ ಅಂಥದೇ ಹಳ್ಳದೆದುರು ನಿಂತೆವು. ಮಾರ್ಗದರ್ಶಕಿ ದಡದುದ್ದಕ್ಕೂ ಮುಕ್ಕಾಲು ಗಂಟೆ ಓಡಾಡಿ, ಹಳ್ಳ ನಾಲ್ಕು ಕವಲಾಗಿ ಹರಡಿಕೊಂಡ ಅಗಲವಾದ ಜಾಗವನ್ನು ಹುಡುಕಿದರು. ಅಗಲವಿದ್ದಲ್ಲಿ ಆಳ ಕಡಿಮೆ. ಬಿದ್ದರೆ ಚೀಲವನ್ನು ಕಳಚಿಕೊಳ್ಳಲು ಅನುಕೂಲವಾಗಲೆಂದು ಸೊಂಟದ ಪಟ್ಟಿ ಬಿಚ್ಚಿಸಿ, ಬೂಟು ಕಾಲಿನಲ್ಲಿರುವಂತೆಯೇ, ಪ್ರವಾಹಕ್ಕೆ ಎದುರುಮುಖವಾಗಿ ಒಬ್ಬರನ್ನೊಬ್ಬರು ಹಿಡಿದು ಅಡ್ಡಹೆಜ್ಜೆಯಿಟ್ಟು ದಾಟಿಸಿದರು. ನಾನೊಬ್ಬನೇ ಇದ್ದಿದ್ದರೆ ನಾವು ಮೊದಲು ತಲುಪಿದ, ಕಿರಿದಾಗಿ ಸುಲಭವೆಂದು ಕಂಡ ಜಾಗದಲ್ಲಿಯೇ ಇಳಿಯುತ್ತಿದ್ದೆ. ನಾನು ಕೊಟ್ಟ ಹಣ ಆ ಮುಕ್ಕಾಲು ಗಂಟೆಗಾಗಿ ಎಂದೇ ಈಗಲೂ ನಂಬಿದ್ದೇನೆ.

ನದಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನೋಅಟಕ್ ಸುಮಾರು 680 ಕಿಲೋಮೀಟರ್ ಹರಿದು ಪಶ್ಚಿಮದ ಸಮುದ್ರ ಸೇರುತ್ತದೆ. ಅದರ ಮೇಲ್ಭಾಗದಲ್ಲಿ ಮರಗಳಿಲ್ಲ, ನೀರಿನ ಓಟ ಸಾಧಾರಣ, ಗಾಳಿ ಎದುರಾದಾಗ ಮಾತ್ರ ಹುಟ್ಟು ಹಾಕಿ ತೋಳು ಸೋಲುತ್ತದೆ. ಆಗಸ್ಟಿನಲ್ಲಿ ಸೊಳ್ಳೆ ಬಹುಮಟ್ಟಿಗೆ ತಗ್ಗಿತ್ತು. ಜುಲೈನಲ್ಲಿ ಹೋಗುವವರಿಗೆ ಮುಖಪರದೆ ಇಲ್ಲದೆ ಊಟ ಮಾಡುವುದೂ ಕಷ್ಟ. ನಡುರಾತ್ರಿಯಲ್ಲಿಯೂ ಪೂರ್ತಿ ಕತ್ತಲಾಗುತ್ತಿರಲಿಲ್ಲ, ಕಣ್ಣಿಗೆ ಬಟ್ಟೆ ಕಟ್ಟಿ ಮಲಗುತ್ತಿದ್ದೆವು.

ಊಟದ ಚಿಂತೆ ಸಸ್ಯಾಹಾರಿಯಾದ ನನಗೆ ಹೆಚ್ಚಿತ್ತು. ಹೊರಡುವ ಎರಡು ತಿಂಗಳ ಮೊದಲೇ ಬರೆದು ತಿಳಿಸಿದ್ದರಿಂದ ಬೇಳೆ, ಅನ್ನ, ಚೀಸು ಸಿಕ್ಕಿತು. ಇದರ ಜೊತೆಗೆ ಅಮ್ಮ ಹೇಳಿಕೊಟ್ಟಂತೆ ಮನೆಯಲ್ಲಿಯೇ ಗೊಜ್ಜವಲಕ್ಕಿಯ ಪುಡಿ ಮಾಡಿ ಒಂದೂವರೆ ಕಿಲೋ ಒಯ್ದಿದ್ದೆ. ಹಗುರ, ಕೆಡುವುದಿಲ್ಲ, ಬಿಸಿನೀರು ಸುರಿದು ಹತ್ತು ನಿಮಿಷ ಮುಚ್ಚಿಟ್ಟರೆ ಊಟ ಸಿದ್ಧ. ಆದರೆ ಹುಣಸೆ ಮತ್ತು ಇಂಗಿನ ಪರಿಮಳವಿರುವ ಅಂಥ ಪುಡಿ ಚೀಲದಲ್ಲಿ ಇರುವಂತಿಲ್ಲ. ವಾಸನೆಯುಳ್ಳದ್ದೆಲ್ಲವೂ, ಹಲ್ಲುಜ್ಜುವ ಪೇಸ್ಟು ಸಹ, ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲಿರಬೇಕು. ಈ ಡಬ್ಬಿಗಳನ್ನು ಉದ್ಯಾನದ ಕಚೇರಿಯವರೇ ಉಚಿತವಾಗಿ ಎರವಲು ಕೊಡುತ್ತಾರೆ. ಅಡುಗೆ ಮಾಡುವುದು ಗುಡಾರದಿಂದ ನೂರು ಹೆಜ್ಜೆ ದೂರ, ಗಾಳಿ ಬೀಸಿ ಹೋಗುವ ಕಡೆ. ವಿಲ್ಲೋ ಪೊದೆಗಳ ನಡುವೆ ನಡೆಯುವಾಗ ಕರಡಿ ಬೆಚ್ಚಿಬೀಳದಂತೆ ಗಟ್ಟಿಯಾಗಿ ಮಾತಾಡಬೇಕು. ಯಾವ ಭಾಷೆಯಾದರೂ ಸರಿ, ಮನುಷ್ಯರ ದನಿ ಎಂದು ತಿಳಿದರೆ ಸಾಕು ಎಂದು ಮಾರ್ಗದರ್ಶಕಿ ಹೇಳಿದ್ದರಿಂದ ನಾನು ಕನ್ನಡದಲ್ಲಿಯೇ ಕೂಗುತ್ತ ನಡೆದೆ. ಹತ್ತು ದಿನಗಳಲ್ಲಿ ಕಂಡದ್ದು ಒಂದೇ ಗ್ರಿಜ್ಲಿ ಕರಡಿ, ನದಿಯ ಆಚೆ ದಡದಲ್ಲಿ. ನಮ್ಮ ಮಾತು ಕೇಳಿ ಎದ್ದುನಿಂತು ಮೂಸಿ, ಬೆನ್ನು ತಿರುಗಿಸಿ ಗುಡ್ಡ ಹತ್ತಿತು.

ಎಂಟನೆಯ ದಿನ ನಿಗದಿಯಾದ ಕೆರೆಯನ್ನು ತಲುಪಿ, ದೋಣಿಯ ಗಾಳಿ ಬಿಟ್ಟು ಮಡಚಿ ಕುಳಿತೆವು. ಮೋಡ ಬೆಟ್ಟಗಳ ಸೊಂಟಕ್ಕೆ ಇಳಿದಿತ್ತು. ಇಲ್ಲಿಯ ಪೈಲಟ್‌ಗಳು ಕಣ್ಣಿಗೆ ಕಂಡ ಕಣಿವೆ ಹಿಡಿದು ಹಾರುವವರು, ಕಾಣದಿದ್ದರೆ ಹೊರಡುವುದಿಲ್ಲ. ಉಪಗ್ರಹದ ಮೂಲಕ ಸಂಜೆ ಬಂದ ಸಂದೇಶ ‘ನಾಳೆ ನೋಡೋಣ’ ಎಂದಿತ್ತು. ಮರುದಿನವೂ ಅದೇ ಸಂದೇಶ ಬಂತು. ಪ್ರವಾಸ ಮುಗಿಯುವ ಮರುದಿನಕ್ಕೇ ನಾನು ಊರಿನ ಟಿಕೆಟ್ ಕಾದಿರಿಸಿದ್ದೆ. ಆ ಹಣ ಹೋಯಿತು. ಇಂಥ ತಡಕ್ಕೆ ಕನಿಷ್ಠ ಮೂರು ದಿನ ಬಿಡಬೇಕೆಂದು ಹಣ ಕಟ್ಟುವಾಗ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೋಗುವವರು ಮುಂಚೆಯೇ ಕೇಳಬೇಕಾದ ಪ್ರಶ್ನೆಗಳು ಇವೇ: ಹೆಚ್ಚುವರಿ ಆಹಾರ ಎಷ್ಟು ದಿನಕ್ಕಿದೆ, ತಡವಾದರೆ ವಸತಿಯ ಖರ್ಚು ಯಾರದು, ಗಾಯವಾದರೆ ವಿಮಾನದಲ್ಲಿ ಕರೆತರುವ ವೆಚ್ಚಕ್ಕೆ ವಿಮೆಯಿದೆಯೇ, ಉದ್ಯಾನದಲ್ಲಿ ಪ್ರವಾಸ ನಡೆಸುವ ಪರವಾನಗಿ ಸಂಸ್ಥೆಗೆ ಇದೆಯೇ.

ಆಹಾರ ನಮಗೆ ಮೂರು ದಿನಕ್ಕೆ ಹೆಚ್ಚಾಗಿಯೇ ಇತ್ತು. ಮೊದಲ ದಿನ ಮಾರ್ಗದರ್ಶಕಿ ಒಂದು ಡಬ್ಬಿಗೆ ಕೆಂಪು ಟೇಪು ಸುತ್ತಿ, ಇದನ್ನು ಯಾರೂ ತೆರೆಯಬಾರದು ಎಂದಿದ್ದರು. ಅದನ್ನು ತೆರೆದದ್ದು ಕೆರೆಯ ದಡದಲ್ಲಿಯೇ. ಉಳಿದಿದ್ದ ಗೊಜ್ಜವಲಕ್ಕಿಯನ್ನು ಐವರೂ ಹಂಚಿಕೊಂಡು ತಿನ್ನುತ್ತಿದ್ದಾಗ ಮೋಡ ಬೆಟ್ಟದ ನೆತ್ತಿಗೆ ಸರಿಯಿತು. ಹತ್ತನೆಯ ದಿನದ ನಡುಮಧ್ಯಾಹ್ನ ಅದು. ಮೊದಲು ಸದ್ದು ಕೇಳಿಸಿತು, ಆಮೇಲೆ ವಿಮಾನ ಕಾಣಿಸಿತು. ನಾವು ಪಾತ್ರೆಗಳನ್ನು ತೊಳೆಯಲು ಎದ್ದೆವು.